ಮಾತ್ರೆಯ ಬಾಲ ಓದುವ ನೀರಕ್ಕ

ಐದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಓಟದ ಮೈದಾನದ ಮೂಲೆಯ ತಗಡಿನ ಮಾಡಿನ ಕೋಣೆಯಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳುತ್ತದೆ. ಮೊದಲು ಬಂದ ನೀರನ್ನು ನೀರಕ್ಕ ಬಾಟಲಿಗೆ ಹಿಡಿಯುವುದಿಲ್ಲ. "ರಾತ್ರಿಯೆಲ್ಲ ಕೊಳವೆಯಲ್ಲಿ ಮಲಗಿದ್ದ ನೀರು, ಇನ್ನೂ ಕಣ್ಣು ಬಿಟ್ಟಿಲ್ಲ" ಎನ್ನುತ್ತ ಎರಡು ಬಕೆಟ್ ತುಂಬಿಸಿ ಬೇಲಿ ಬದಿಯ ದಾಸವಾಳಕ್ಕೆ ಸುರಿಯುತ್ತಾರೆ. ಮೂರನೇ ಬಕೆಟ್ಟಿನಿಂದ ಅವರ ದಿನ ಶುರು.

ಗೂಡಿನಲ್ಲಿ ನಲವತ್ತಾರು ಬಾಟಲಿಗಳು ಬೋರಲಾಗಿ ಕೂತಿವೆ. ಪ್ರತಿಯೊಂದರ ಮೇಲೂ ಕೆಂಪು ಬಣ್ಣದ ಸಂಖ್ಯೆ, ಪ್ರತಿಯೊಂದಕ್ಕೂ ಅಳತೆ ತೆಗೆದು ಹೊಲಿದ ಬಟ್ಟೆಯ ಅಂಗಿ. ನೀರಕ್ಕ ಒಂದೊಂದನ್ನೇ ಎತ್ತಿ ದೀಪಕ್ಕೆ ಹಿಡಿದು ನೋಡುತ್ತಾರೆ, ಮೂಗಿಗೆ ಹಿಡಿದು ನೋಡುತ್ತಾರೆ, ಆಮೇಲೆ ತುಂಬಿಸುತ್ತಾರೆ. ಹದಿನೇಳನೆಯದರ ಹತ್ತಿರ ಬಂದಾಗ ಮುಖ ಸಿಂಡರಿಸುತ್ತದೆ. "ಇವನು ಮತ್ತೆ ಹಣ್ಣಿನ ರಸ ಹಾಕ್ಕೊಂಡಿದ್ದಾನೆ. ಕೇಳಿದ್ರೆ ಇಲ್ಲವೇ ಇಲ್ಲ ಅಂತಾನೆ. ಬಾಟಲಿ ಅವನ ಹಾಗೆ ಸುಳ್ಳು ಹೇಳುತ್ತಾ?" ಹದಿನೇಳು ಬಿಸಿನೀರಿನ ಡಬರಿಗೆ ಬೀಳುತ್ತದೆ.

ಆರು ಗಂಟೆಗೆ ಓಟಗಾರರು ಒಬ್ಬೊಬ್ಬರೇ ಕಣ್ಣುಜ್ಜುತ್ತ ಬಂದು ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಮೊದಲು ತೂಕದ ಯಂತ್ರ, ಆಮೇಲೆ ಬಾಟಲಿ. ಓಟ ಮುಗಿಸಿ ಬಂದ ಮೇಲೆ ಮತ್ತೆ ತೂಕ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಒಂದೂವರೆ ಲೀಟರು ಒಳಗೆ ಹೋಗಬೇಕು. ದಿನಕ್ಕೆ ತೊಂಬತ್ತೆರಡು ಸಲ ತೂಕ, ಸುಮಾರು ನೂರೆಂಬತ್ತು ಲೀಟರು ನೀರು. ಎಲ್ಲವೂ ನೀರಕ್ಕನ ಉದ್ದನೆಯ ಪುಸ್ತಕದಲ್ಲಿ ದುಂಡು ಅಕ್ಷರದಲ್ಲಿ ದಾಖಲಾಗುತ್ತದೆ. "ಇವರ ಅಮ್ಮಂದಿರಿಗೂ ಇವರ ತೂಕ ಗೊತ್ತಿಲ್ಲ. ನನಗೆ ನಿನ್ನೆ ಬೆಳಿಗ್ಗೆದೂ ಗೊತ್ತು, ಸಾಯಂಕಾಲದ್ದೂ ಗೊತ್ತು" ಎಂದು ನಗುತ್ತಾರೆ.

ನೀರಕ್ಕನಿಗೆ ಈಗ ಐವತ್ತೆಂಟು. ಈ ಮೈದಾನಕ್ಕೆ ಬಂದು ಇಪ್ಪತ್ಮೂರು ವರ್ಷ. ಹಾಜರಿ ಪುಸ್ತಕದಲ್ಲಿರುವ ಅವರ ಹೆಸರನ್ನು ಯಾರೂ ಕರೆಯುವುದಿಲ್ಲ, ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಕಚೇರಿಯ ಗೋಡೆಯಲ್ಲಿ ಗೆಲುವಿನ ದಿನಗಳ ಹನ್ನೊಂದು ಚಿತ್ರಗಳಿವೆ. ಅವುಗಳಲ್ಲಿ ಒಂದರಲ್ಲಿ ಮಾತ್ರ ನೀರಕ್ಕ ಇದ್ದಾರೆ, ಅದೂ ಮೊಣಕೈವರೆಗೆ. ಚಿನ್ನದ ಪದಕ ಹಾಕಿಕೊಂಡ ಹುಡುಗನ ಕಡೆಗೆ ಚಿತ್ರದ ಅಂಚಿನಿಂದ ಒಂದು ಕೈ ಬಾಟಲಿ ಚಾಚಿದೆ. "ಆ ಕೈ ನಂದೇ. ಮಣಿಕಟ್ಟಿನ ಮಚ್ಚೆ ನೋಡಿ, ಅನುಮಾನ ಇದ್ರೆ" ಎಂದು ತೋಳು ಚಾಚಿ ತೋರಿಸುತ್ತಾರೆ. ಮಚ್ಚೆ ಅಲ್ಲಿಯೇ ಇದೆ.

ಸ್ನಾನದ ಮನೆಯ ಬಾಗಿಲಿನ ಒಳಗಡೆ ಐದು ಪಟ್ಟಿಗಳನ್ನು ಬಳಿಯಲಾಗಿದೆ. ಮೇಲಿನದು ತೆಳು ಹಳದಿ, ಕೆಳಗಿಳಿದಂತೆ ಗಾಢವಾಗಿ ಕೊನೆಯದು ಕಡು ಕಂದು. ಗೋಡೆಗೆ ಬಣ್ಣ ಬಳಿದು ಉಳಿದ ಡಬ್ಬಿಗಳಿಂದ ನೀರಕ್ಕನೇ ಬಳಿದದ್ದು. ಮೂತ್ರದ ಬಣ್ಣ ಮೇಲಿನ ಎರಡು ಪಟ್ಟಿಗಳಂತಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ, ಕೆಳಗಿಳಿದರೆ ಬಾಟಲಿ ಹಿಡಿ ಎಂದರ್ಥ. ಒಮ್ಮೆ ಮೈದಾನ ನೋಡಲು ಬಂದ ದೊಡ್ಡ ಅಧಿಕಾರಿಯೊಬ್ಬರು ಆ ಬಾಗಿಲ ಮುಂದೆ ನಿಂತು "ಇದು ಯಾವ ದೇಶದ ಬಾವುಟ?" ಎಂದು ಗಂಭೀರವಾಗಿ ಕೇಳಿದ್ದರಂತೆ. "ಎಲ್ಲಾ ದೇಶದ್ದೂ ಇದೇ ಸ್ವಾಮಿ" ಅಂದಿದ್ದರು ನೀರಕ್ಕ.

ನೀರಕ್ಕನ ಗಂಡ ಇದೇ ಮೈದಾನದಲ್ಲಿ ಗೆರೆ ಎಳೆಯುವವರು. ಸುಣ್ಣದ ಡಬ್ಬಿ, ಹಗ್ಗ, ಕುಂಚ ಇಷ್ಟೇ ಅವರ ಸಂಸಾರ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಕುಂಚವನ್ನು ಡಬ್ಬಿಗೆ ಒರಸುತ್ತ ಹೇಳುತ್ತಾರೆ: "ನಾನು ಎಳೆದ ಗೆರೆ ಮಳೆ ಬಂದ್ರೆ ಹೋಗುತ್ತೆ. ಇವಳು ಎಳೆದ ಗೆರೆ ದಾಟೋಕೆ ನನಗೂ ಧೈರ್ಯ ಇಲ್ಲ. ತಲೆನೋವು ಬಂದ್ರೆ ನಾನೂ ಕಿಟಕಿ ಮುಂದೆ ಸಾಲಲ್ಲಿ ನಿಂತು ಮಾತ್ರೆ ತೋರಿಸ್ಬೇಕು. ನಾನೇನು ಓಡ್ತೀನಾ?"

"ಊಟದ ಹೊತ್ತಿಗೆ ಓಡ್ತೀರಲ್ಲ" ಅನ್ನುತ್ತಾರೆ ನೀರಕ್ಕ ಒಳಗಿನಿಂದ.

ಆ ಗೆರೆ ಯಾವುದೆಂದು ಕಿಟಕಿಯ ಮೇಲೆಯೇ ಬರೆದಿದೆ. ಎರಡೇ ಪದ: ಬಾಲ ನೋಡು. ಹೊಸಬರು ಬಂದಾಗ ಇಲ್ಲೆಲ್ಲೋ ನಾಯಿ ಕಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಹಳಬರು ಬಿದ್ದು ಬಿದ್ದು ನಕ್ಕು ವಿವರಿಸುತ್ತಾರೆ. ಮಾತ್ರೆಯ ಹೆಸರಿಗೆ ತಲೆಯೂ ಇರುತ್ತದೆ, ಬಾಲವೂ ಇರುತ್ತದೆ. ತಲೆ ದೊಡ್ಡ ಅಕ್ಷರದಲ್ಲಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಕೊನೆಯಲ್ಲಿ ಚಿಕ್ಕದಾಗಿ ಅಂಟಿಕೊಂಡಿರುವ ಒಂದೋ ಎರಡೋ ಅಕ್ಷರವೇ ಬಾಲ. ತಲೆ ಒಂದೇ ಇದ್ದು ಬಾಲ ಬದಲಾದರೆ ಒಳಗಿನ ಔಷಧಿಯೂ ಬದಲಾಗುತ್ತದೆ. ಈ ಮೈದಾನದಲ್ಲಿ ಏನನ್ನು ನುಂಗುವುದಿದ್ದರೂ ಮೊದಲು ಕಿಟಕಿಗೆ ತಂದು ಬಾಲ ತೋರಿಸಬೇಕು.

ಈ ಪಾಠವನ್ನು ನೀರಕ್ಕ ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವರಿಗೆ ಓದಲು ಬರುತ್ತಲೇ ಇರಲಿಲ್ಲ.

ಆಗ ಇಲ್ಲಿ ಹರ್ಡಲ್ಸ್ ಓಡುವ ಒಬ್ಬ ಹುಡುಗಿ ಇದ್ದಳು. ಅಡ್ಡಕಂಬಗಳ ಮೇಲೆ ಹಾರುವ ರೀತಿಗೆ ಎಲ್ಲರೂ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದರು. ದೊಡ್ಡ ಸ್ಪರ್ಧೆಗೆ ಮೂರು ದಿನ ಇದ್ದಾಗ ಮಿಡತೆಗೆ ಶೀತ ಹಿಡಿಯಿತು. ವೈದ್ಯರು ಹಿಂದೊಮ್ಮೆ ಕೊಟ್ಟಿದ್ದ ಹಸಿರು ಪಟ್ಟಿಯ ಮಾತ್ರೆ ಔಷಧಿ ಡಬ್ಬಿಯಲ್ಲಿ ಮುಗಿದಿತ್ತು. ನೀರಕ್ಕ ಖಾಲಿ ಪಟ್ಟಿ ಹಿಡಿದು ಎದುರಿನ ಔಷಧಿ ಅಂಗಡಿಗೆ ಹೋಗಿ "ಇದನ್ನೇ ಕೊಡಿ" ಅಂದರು. ಅಂಗಡಿಯವರು ಕೊಟ್ಟದ್ದೂ ಹಸಿರೇ, ಪಟ್ಟಿಯ ಉದ್ದಗಲವೂ ಅದೇ. ನೀರಕ್ಕ ಎರಡನ್ನೂ ಪಕ್ಕ ಪಕ್ಕ ಇಟ್ಟು, ರವಿಕೆ ಬಟ್ಟೆಗೆ ದಾರದ ಬಣ್ಣ ಹೊಂದಿಸುವ ಹಾಗೆ ಹೊಂದಿಸಿ ನೋಡಿದರು. ಹೊಂದಿತು.

ಮಿಡತೆ ಮೂರು ದಿನವೂ ನುಂಗಿದಳು, ಓಟದ ಬೆಳಿಗ್ಗೆಯೂ ನುಂಗಿದಳು, ಓಡಿ ಗೆದ್ದಳು. ಗೆದ್ದವರಿಗೆ ಆಗುವ ಮೂತ್ರ ಪರೀಕ್ಷೆ ಅವಳಿಗೂ ಆಯಿತು. ನಾಲ್ಕು ವಾರದ ಮೇಲೆ ಕಾಗದ ಬಂತು. ಆ ಪಟ್ಟಿಯ ಬಾಲದಲ್ಲಿ ಸೂಡೋಎಫೆಡ್ರಿನ್ ಇತ್ತು. ಮೂಗು ಬಿಡಿಸುವ ಔಷಧಿಯೇ ಅದು, ಸಾಮಾನ್ಯ ಜನಕ್ಕೆ ಏನೂ ತಕರಾರಿಲ್ಲ. ಆದರೆ ಸ್ಪರ್ಧೆಯ ದಿನ ಓಟಗಾರರ ಮೂತ್ರದಲ್ಲಿ ಅದು ಮಿತಿಗಿಂತ ಹೆಚ್ಚು ಸಿಕ್ಕರೆ ನಿಷೇಧ. ವಿಚಾರಣೆಗೆ ನೀರಕ್ಕ ತಾವೇ ಹೋಗಿ, ತಂದುಕೊಟ್ಟವಳು ನಾನು, ಅವಳನ್ನು ಬಿಟ್ಟುಬಿಡಿ ಎಂದರು. ವಿಚಾರಣೆ ನಡೆಸಿದವರು ಸಮಾಧಾನದಿಂದ ಕೇಳಿ ಬರೆದುಕೊಂಡರು, ಅದಕ್ಕೆ ಶಿಕ್ಷೆಯೂ ಕಡಿಮೆಯಾಯಿತು. ಆದರೆ ಬಾಯಿಗೆ ಹೋದದ್ದಕ್ಕೆ ಬಾಯಿ ತೆರೆದವರೇ ಹೊಣೆ ಎಂಬುದು ಅಲ್ಲಿನ ನಿಯಮ. ಎಂಟು ತಿಂಗಳು ಮಿಡತೆ ಓಡುವಂತಿರಲಿಲ್ಲ, ತಂಡದ ಜೊತೆ ಅಭ್ಯಾಸವನ್ನೂ ಮಾಡುವಂತಿರಲಿಲ್ಲ.

"ನಾನು ಮೂರು ದಿನ ಮನೆಯಿಂದ ಆಚೆ ಬರ್ಲಿಲ್ಲ. ನಾಲ್ಕನೇ ದಿನ ಬಾಗಿಲು ಬಡಿದ್ರು. ನೋಡಿದ್ರೆ ಅವಳೇ. ಬಯ್ಯೋಕೆ ಬಂದಿದ್ದಾಳೆ, ಬೈಸ್ಕೊಳ್ಳೋಣ ಅಂತ ಬಾಗಿಲು ತೆಗೆದೆ" ಎಂದು ನೀರಕ್ಕ ನೆನೆಯುತ್ತಾರೆ. ಮಿಡತೆಯ ಕೈಯಲ್ಲಿ ಒಂದು ಚೀಲ ತುಂಬ ಖಾಲಿ ಮಾತ್ರೆ ಪಟ್ಟಿಗಳಿದ್ದವು. ಚಾಪೆಯ ಮೇಲೆ ಸುರಿದು, "ಅಳೋದು ಸಾಕು, ಕೂತ್ಕೋ ಅಕ್ಕ. ನನಗೆ ಎಂಟು ತಿಂಗಳು ಕೆಲಸ ಇಲ್ಲ, ನಿನಗೆ ಅಕ್ಷರ ಇಲ್ಲ. ಇಬ್ಬರಿಗೂ ಹೊತ್ತು ಹೋಗುತ್ತೆ" ಅಂದಳು.

ಹೀಗೆ ನೀರಕ್ಕನ ವಿದ್ಯಾಭ್ಯಾಸ ಶುರುವಾಯಿತು. ಎಲ್ಲರೂ ಮೊದಲು ಓದುವುದು ಅಮ್ಮ, ಆನೆ ಎಂಬಂಥ ಪದಗಳನ್ನು. ನೀರಕ್ಕ ಬದುಕಿನಲ್ಲಿ ಮೊದಲು ಕೂಡಿಸಿ ಓದಿದ ಪದ ಪ್ಯಾರಸಿಟಮಾಲ್, ಅದೂ ಇಂಗ್ಲಿಷಿನಲ್ಲಿ. ತಮ್ಮ ಹೆಸರು ಬರೆಯಲು ಕಲಿತದ್ದು ಅದಾಗಿ ಒಂಬತ್ತು ದಿನದ ಮೇಲೆ. ಸೂಡೋಎಫೆಡ್ರಿನ್ ಮಾತ್ರ ಎಷ್ಟು ತಿದ್ದಿದರೂ ನಾಲಿಗೆಗೆ ಹತ್ತಲಿಲ್ಲ. ಸೂಡೋ, ಸೂಡಾ ಎಂದು ತಡವರಿಸಿ ಕೊನೆಗೆ "ಸೂಡಪ್ಪ" ಎಂದುಬಿಟ್ಟರು. ಅಂದಿನಿಂದ ಈ ಮೈದಾನದಲ್ಲಿ ಆ ಔಷಧಿಗೆ ಅದೇ ಹೆಸರು. "ಅಕ್ಕ, ಇದರಲ್ಲಿ ಸೂಡಪ್ಪ ಇದ್ದಾನಾ?" ಎಂದು ಕೇಳಿದರೆ ಸಾಕು, ನೀರಕ್ಕ ಕನ್ನಡಕ ಏರಿಸುತ್ತಾರೆ.

ಮಿಡತೆ ನಿಷೇಧ ಮುಗಿಸಿ ಬಂದು ಇನ್ನೆರಡು ವರ್ಷ ಓಡಿದಳು. ಹಳೆಯ ಓಟ ಕೈಗೆ ಸಿಗಲಿಲ್ಲ. ಈಗ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಲವತ್ತಾರು ಬಾಟಲಿಗಳ ಅಂಗಿ ಹೊಲಿದವಳು ಅವಳೇ. ಆ ದಿನಗಳ ಬಗ್ಗೆ ಕೇಳಿದರೆ ಹೊಲಿಗೆ ಯಂತ್ರ ನಿಲ್ಲಿಸದೆ ಹೇಳುತ್ತಾಳೆ: "ಅಡ್ಡಕಂಬ ಎಲ್ಲಾ ಹಾರಿದೆ, ಬಾಲಕ್ಕೆ ಎಡವಿದೆ. ಸಿಟ್ಟು ಬಂದಿತ್ತು. ಆದ್ರೆ ಅಕ್ಕ ಮೊದಲನೇ ಸಲ ಪಟ್ಟಿ ನೋಡಿ ಓದಿದ ದಿನ ಅವರ ಮುಖ ಇತ್ತಲ್ಲ, ಅದನ್ನ ನೋಡಿದ ಮೇಲೆ ಸಿಟ್ಟು ಎಲ್ಲಿ ಇಡ್ಲಿ?"

ನೀರಕ್ಕನ ಪುಸ್ತಕದ ಹಿಂಭಾಗದ ಹಾಳೆಗಳಲ್ಲಿ ಅಂದಿನಿಂದ ಇಂದಿನವರೆಗೆ ನೋಡಿದ ಮಾತ್ರೆ ಪಟ್ಟಿಗಳ ಚೂರುಗಳನ್ನು ಅಂಟಿಸಲಾಗಿದೆ. ಇಲ್ಲಿಯವರೆಗೆ ಆರುನೂರ ಹನ್ನೆರಡು. ಮೊದಲ ಹಾಳೆಯಲ್ಲಿ ಆ ಹಸಿರು ಪಟ್ಟಿಗಳು ಎರಡೂ ಅಕ್ಕಪಕ್ಕ ಇವೆ. ತಾವು ವೈದ್ಯರಲ್ಲ ಎಂಬುದು ನೀರಕ್ಕನಿಗೆ ಚೆನ್ನಾಗಿ ಗೊತ್ತು. ಅನುಮಾನ ಬಂದದ್ದನ್ನು ತಂಡದ ವೈದ್ಯರಿಗೆ ಓದಿ ಹೇಳುತ್ತಾರೆ, ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆಯುತ್ತಾರೆ.

ಇಷ್ಟೆಲ್ಲ ಕಾವಲಿದ್ದರೂ ಈ ವರ್ಷ ಬಾಲ ಮತ್ತೊಮ್ಮೆ ಆಡಿತು.

ಮೂವತ್ತೊಂದನೇ ನಂಬರಿನ ಬಾಟಲಿಯ ಹುಡುಗಿಗೆ ಹತ್ತೊಂಬತ್ತು ವರ್ಷ. ಐದು ಸಾವಿರ ಮೀಟರ್ ಓಡುತ್ತಾಳೆ. ಪ್ರತಿ ಸುತ್ತನ್ನೂ ಒಂದೇ ಹೊತ್ತಿನಲ್ಲಿ ಮುಗಿಸುವುದರಿಂದ ಗಡಿಯಾರ ಎಂಬ ಹೆಸರು ಬಿದ್ದಿದೆ. ಶನಿವಾರ ಬೆಳಿಗ್ಗೆ ಆಯ್ಕೆಯ ಓಟ. ಮೊದಲ ಇಬ್ಬರಿಗೆ ಮಾತ್ರ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಪ್ರವೇಶ. ಗಡಿಯಾರ ಇದಕ್ಕಾಗಿಯೇ ನಾಲ್ಕು ವರ್ಷ ಓಡಿದ್ದಾಳೆ. ಗುರುವಾರ ಬೆಳಿಗ್ಗೆ ತೂಕಕ್ಕೆ ಬಂದು "ನಮಸ್ಕಾರ ಅಕ್ಕ" ಅಂದಳು. ಕೇಳಿಸಿದ್ದು "ದಬಸ್ಕಾರ".

"ಮೂಗು ಕಟ್ಟಿದೆ. ಏನು ನುಂಗಿದೆ?" ಎಂದರು ನೀರಕ್ಕ.

"ಹೊಸದೇನೂ ಅಲ್ಲ. ಹೋದ ಸಲ ನೀನೇ ಸರಿ ಇದೆ ಅಂದಿದ್ದ ಮಾತ್ರೆ. ಚಿಕ್ಕಮ್ಮ ತಂದುಕೊಟ್ರು. ನಿನ್ನೆ ಬೆಳಿಗ್ಗೆ ಒಂದು, ಮಧ್ಯಾಹ್ನ ಊಟ ಆದ ಮೇಲೆ ಒಂದು."

"ಪಟ್ಟಿ ಎಲ್ಲಿ?"

ಗಡಿಯಾರ ಜೇಬಿನಿಂದ ತೆಗೆದಳು. ತಲೆ ಅದೇ. ಬಣ್ಣವೂ ಅದೇ. ನೀರಕ್ಕ ಕನ್ನಡಕ ಏರಿಸಿ, ದೀಪದ ಕೆಳಗೆ ಹಿಡಿದು, ಬೆರಳಿಟ್ಟು ಓದಿದರು. ಕೊನೆಯಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿಗೆ ಇತ್ತು. ಹಿಂದೆ ತಿರುಗಿಸಿದರೆ ಸಾಸಿವೆಯಷ್ಟು ಅಕ್ಷರದಲ್ಲಿ ಸೂಡಪ್ಪ ಕೂತಿದ್ದ.

"ಹನ್ನೊಂದು ವರ್ಷದ ಹಿಂದಿನ ದಿನಾನೇ ಎದ್ದು ಬಂದು ಕಿಟಕಿ ಮುಂದೆ ನಿಂತ ಹಾಗಾಯ್ತು" ಎನ್ನುತ್ತಾರೆ ನೀರಕ್ಕ. ಆದರೆ ಈ ಸಲ ಅವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ವೈದ್ಯರಿಗೆ ಫೋನ್ ಮಾಡಿ ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಹೊತ್ತು ಎಲ್ಲವನ್ನೂ ಓದಿ ಹೇಳಿದರು. ವೈದ್ಯರು ಕೇಳಿಕೊಂಡು, ಇಂಥದನ್ನು ಓಟಕ್ಕೆ ಒಂದು ದಿನ ಮೊದಲೇ ನಿಲ್ಲಿಸಿರಬೇಕು, ಇವಳು ನುಂಗಿ ಓಡುವ ಹೊತ್ತಿಗೆ ಎರಡೂವರೆ ದಿನಕ್ಕಿಂತ ಹೆಚ್ಚಾಗಿರುತ್ತದೆ, ಇನ್ನು ಒಂದೂ ಬೇಡ, ಪರೀಕ್ಷೆ ಆದರೆ ಅರ್ಜಿಯಲ್ಲಿ ಇದನ್ನು ಬರೆಯಲಿ ಎಂದರು.

ತರಬೇತುದಾರರನ್ನು ಎಲ್ಲರೂ ಸೀಟಿ ಮೇಷ್ಟ್ರು ಅನ್ನುತ್ತಾರೆ. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ. ಅವರು ಕಿಟಕಿಗೆ ಬಂದು ತಗ್ಗಿದ ದನಿಯಲ್ಲಿ "ಹೆಸರು ವಾಪಸ್ ತಗೊಂಡುಬಿಡೋಣವಾ ನೀರಕ್ಕ? ಇನ್ನೊಂದು ಮಿಡತೆ ಆಗೋದು ಬೇಡ" ಎಂದರು.

"ಮಿಡತೆ ಕೆಟ್ಟಿದ್ದು ಯಾರಿಗೂ ಗೊತ್ತಿಲ್ಲದೆ. ಇದು ನಮಗೆ ಗೊತ್ತು. ಗೊತ್ತಿರೋದಕ್ಕೆ ಹೆದರಿದ್ರೆ ನಾನು ಓದು ಕಲಿತಿದ್ದು ಯಾಕೆ?" ಎಂದರು ನೀರಕ್ಕ. ಪಟ್ಟಿಯನ್ನು ಪುಸ್ತಕಕ್ಕೆ ಅಂಟಿಸಿ ಪಕ್ಕದಲ್ಲಿ ದಿನ, ಹೊತ್ತು ಬರೆದರು. ಆಮೇಲೆ ಎರಡು ದಿನ ಗಡಿಯಾರಕ್ಕೆ ಹಬೆ, ಉಪ್ಪುನೀರಿನ ಮುಕ್ಕಳಿಕೆ, ನಿದ್ದೆ. ಶುಕ್ರವಾರ ಸಂಜೆಗೆ "ದಬಸ್ಕಾರ" ಮತ್ತೆ "ನಮಸ್ಕಾರ" ಆಯಿತು.

ಹುಡುಗಿಯ ಮೂಗು ಬಿಟ್ಟಿತು, ಭಯ ಬಿಡಲಿಲ್ಲ. ಯಾರಿಗೂ ಹೇಳದೆ ಅವಳು ತನ್ನದೇ ಒಂದು ಉಪಾಯ ಮಾಡಿದ್ದಳು. ಅದು ಬಯಲಾದದ್ದು ಶನಿವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ. ಹಿಂದಿನ ಸಂಜೆ ನಲವತ್ತೊಂಬತ್ತು ಕಿಲೋ ಇದ್ದವಳು ಈಗ ಐವತ್ತು ಕಿಲೋ ನಾನೂರು ಗ್ರಾಂ. ನೀರಕ್ಕ ಯಂತ್ರವನ್ನು ಒಮ್ಮೆ ನೋಡಿದರು, ಹುಡುಗಿಯ ಹೊಟ್ಟೆಯನ್ನು ಒಮ್ಮೆ ನೋಡಿದರು.

"ಎಷ್ಟು ಕುಡಿದೆ?"

"ಸ್ವಲ್ಪ."

"ನಿನ್ನೆ ವಾಪಸ್ ಕೊಡದೆ ಇಟ್ಕೊಂಡ ಬಾಟಲಿ ಅಂಗಿ ಹಿಂಡಿದ್ರೆ ನೀರು ಬರುತ್ತೆ, ಸ್ವಲ್ಪ ಅಂತೀಯಾ? ಸ್ನಾನದ ಮನೆ ನಲ್ಲಿಯಿಂದ ಎಷ್ಟು ಸಲ ತುಂಬಿಸ್ಕೊಂಡೆ?"

ಗಡಿಯಾರದ ಕಣ್ಣು ತುಂಬಿತು. "ಐದು ಸಲ. ಎಲ್ಲಾ ತೊಳೆದುಹೋಗ್ಲಿ ಅಂತ..."

"ಅದೇನು ಪಾತ್ರೆ ತಳದ ಮಸಿಯಾ ತೊಳೆದುಹೋಗೋಕೆ? ಹೊಟ್ಟೆಯಲ್ಲಿ ಕೆರೆ ಕಟ್ಟಿಕೊಂಡು ಹನ್ನೆರಡೂವರೆ ಸುತ್ತು ಓಡ್ತೀಯಾ ಈಗ?" ಎಂದು ಗದರಿದರೂ, ನೀರಕ್ಕನ ಕೈ ಆಗಲೇ ಉಪ್ಪು ಬಿಸ್ಕತ್ತಿನ ಡಬ್ಬಿ ಹುಡುಕುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ಹೇಗೆ ಕೇಡೋ ಅಳತೆ ಮೀರಿ ಸುರಿದುಕೊಂಡರೂ ಹಾಗೇ ಕೇಡು, ರಕ್ತದ ಉಪ್ಪು ತೆಳುವಾಗುತ್ತದೆ ಎಂದು ವೈದ್ಯರು ಹೇಳಿದ್ದು ಅವರಿಗೆ ನೆನಪಿತ್ತು. ಮತ್ತೆ ವೈದ್ಯರಿಗೆ ಫೋನ್ ಹೋಯಿತು. ತಲೆನೋವಿಲ್ಲ, ವಾಕರಿಕೆಯಿಲ್ಲ, ತಲೆ ಸುತ್ತಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಓಡಲಿ ಎಂದರು. ಓಟಕ್ಕೆ ಮೊದಲು ಗಡಿಯಾರ ಬಾವುಟದ ಬಾಗಿಲಿಗೆ ನಾಲ್ಕು ಸಲ ಹೋಗಿ ಬಂದಳು.

ಒಂಬತ್ತನೇ ಸುತ್ತಿನಲ್ಲಿ ಅವಳ ಕೈ ಪಕ್ಕೆಗೆ ಹೋಯಿತು. ಗಡಿಯಾರ ಮೊದಲ ಬಾರಿಗೆ ನಿಧಾನವಾಯಿತು. ಕಿಟಕಿಯ ಒಳಗೆ ನೀರಕ್ಕ ಖಾಲಿ ಬಾಟಲಿಯೊಂದನ್ನು ತಿರುಚುತ್ತ ನಿಂತಿದ್ದರು. ಕೊನೆಯ ಇನ್ನೂರು ಮೀಟರಿನಲ್ಲಿ ಹುಡುಗಿ ಪಕ್ಕೆಯಿಂದ ಕೈ ತೆಗೆದು ಹಲ್ಲು ಕಚ್ಚಿ ಓಡಿ, ಮೂರನೆಯವಳಿಗಿಂತ ಒಂದು ಭುಜದಷ್ಟು ಮುಂದೆ ಗೆರೆ ದಾಟಿದಳು. ಎರಡನೇ ಸ್ಥಾನ. ಗೆರೆ ಎಳೆದಿದ್ದ ನೀರಕ್ಕನ ಗಂಡ ಇವತ್ತಿಗೂ ಹೇಳುತ್ತಾರೆ: "ನಾನು ಕುಂಚ ಅರ್ಧ ಅಡಿ ಆಚೆ ಇಟ್ಟಿದ್ರೆ ಕಥೆ ಬೇರೆ ಆಗ್ತಿತ್ತು. ಆದ್ರೆ ನನಗೆ ಯಾರೂ ನಮಸ್ಕಾರ ಹೇಳ್ಲಿಲ್ಲ, ದಬಸ್ಕಾರಾನೂ ಹೇಳ್ಲಿಲ್ಲ."

ಓಟ ಮುಗಿದ ಕೂಡಲೇ ಮೊದಲ ಇಬ್ಬರ ಬಳಿ ಪರೀಕ್ಷೆಯವರು ಬಂದು ನಿಂತರು. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಬಹುದು ಎಂದರು. ಸೀಟಿ ಮೇಷ್ಟ್ರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಗಡಿಯಾರ ತಗಡಿನ ಮಾಡಿನ ಕಿಟಕಿಯ ಕಡೆ ಬೆರಳು ತೋರಿಸಿದಳು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಮುದ್ರೆ ಒಡೆಯದ ನೀರಿನ ಬಾಟಲಿಗಳು ತುಂಬಿದ ಒಂದು ಫ್ರಿಜ್ಜು. ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಮಾತು ಮೃದು, ಕಣ್ಣು ಚುರುಕು. ಬಚ್ಚಲಿಗೂ ಅವರು ಹುಡುಗಿಯ ಜೊತೆಗೇ ಹೋಗುತ್ತಾರೆ, ಕಣ್ಣ ಮುಂದೆಯೇ ಮೂತ್ರ ಹಿಡಿಯಬೇಕು. ಬೇರೆಯವರಿಗೆ ನಾಚಿಕೆಗೆ ಗಂಟೆಗಟ್ಟಲೆ ಬರುವುದಿಲ್ಲವಂತೆ. ಗಡಿಯಾರಕ್ಕೆ ಆ ಕಷ್ಟ ಇರಲಿಲ್ಲ. ಹೋದ ಕ್ಷಣವೇ ಪಾತ್ರೆ ತುಂಬಿ ತಂದಳು. ಅಧಿಕಾರಿ ಒಂದು ಹನಿಯನ್ನು ಪುಟ್ಟ ಉಪಕರಣಕ್ಕೆ ಬಿಟ್ಟು ಅದರ ಅಂಕಿ ನೋಡಿ ತಲೆಯಾಡಿಸಿದರು. "ತುಂಬಾ ತೆಳು. ಇದು ಪ್ರಯೋಗಾಲಯಕ್ಕೆ ಸಾಲೋದಿಲ್ಲ, ಮತ್ತೆ ಕೊಡಬೇಕು." ಒಂದು ಗಂಟೆ ಬಿಟ್ಟು ಕೊಟ್ಟದ್ದೂ ತೆಳು. ಅಧಿಕಾರಿ ಒಂದು ಸಲ ಹುಡುಗಿಯ ಮುಖ ನೋಡಿ ಕಾಗದದಲ್ಲಿ ಏನೋ ಬರೆದುಕೊಂಡರು. ಸರಿಯಾದ ಮಾದರಿ ಕೊಡದೆ ಎದ್ದು ಹೋದರೆ ಪರೀಕ್ಷೆ ತಪ್ಪಿಸಿಕೊಂಡಂತೆ ಆಗುತ್ತದೆ, ಓಡಿ ಗಳಿಸಿದ್ದೆಲ್ಲ ಹೋಗುತ್ತದೆ. ಮೊದಲು ಬಂದವಳು ತನ್ನ ಪಾಲಿನದನ್ನು ಕೊಟ್ಟು ಎಂದೋ ಮನೆಗೆ ಹೋಗಿದ್ದಳು.

ದಿಗಿಲಿಗೆ ಗಡಿಯಾರದ ಕೈ ತಾನಾಗಿಯೇ ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಹೋಯಿತು. ನೀರಕ್ಕ ಆ ಕೈಯನ್ನು ಹಿಡಿದುಕೊಂಡರು.

"ಇಪ್ಪತ್ಮೂರು ವರ್ಷದಲ್ಲಿ ಅದೇ ಮೊದಲು, ನೀರು ಕುಡೀಬೇಡ ಅಂತ ನನ್ನ ಬಾಯಲ್ಲಿ ಬಂದಿದ್ದು" ಎಂದು ಹೇಳುವಾಗ ಅವರಿಗೆ ಈಗಲೂ ನಗು ತಡೆಯುವುದಿಲ್ಲ.

ಕಾಯುವ ಹೊತ್ತಿನಲ್ಲಿ ತುಂಬಲು ಒಂದು ಅರ್ಜಿ ಇತ್ತು. ಅದರಲ್ಲಿ ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧಿಗಳ ವಿವರ ಬರೆಯಲು ನಾಲ್ಕು ಸಾಲು ಬಿಟ್ಟಿದ್ದರು. ಗಡಿಯಾರ ಪೆನ್ನು ಹಿಡಿದು, ಆ ನಾಲ್ಕು ಸಾಲುಗಳನ್ನು ಹಾಗೇ ದಾಟಿ ಕೆಳಗೆ ಸಹಿಗೆ ಹೋದಳು.

"ಮೇಲೆ ಬಿಟ್ಟೆಯಲ್ಲ" ಎಂದರು ನೀರಕ್ಕ ಪಿಸುಮಾತಿನಲ್ಲಿ.

"ಬೇಡ ಅಕ್ಕ. ಬರೆದ್ರೆ ನಾನೇ ಹಿಡಿದುಕೊಟ್ಟ ಹಾಗೆ. ಈಗಾಗಲೇ ಅನುಮಾನ ಬಂದಿದೆ ಅವರಿಗೆ."

"ಮಿಡತೆ ಅರ್ಜೀಲೂ ಏನೂ ಇರ್ಲಿಲ್ಲ. ಏನು ನುಂಗಿದ್ದು ಅಂತ ಅವಳಿಗೂ ಗೊತ್ತಿರ್ಲಿಲ್ಲ, ಕೊಟ್ಟ ನನಗೂ ಗೊತ್ತಿರ್ಲಿಲ್ಲ. ನಿನಗೆ ಗೊತ್ತು. ಗೊತ್ತಿದ್ದೂ ಬಿಟ್ರೆ ಅದು ಶೀತದ ಮಾತ್ರೆ ಅಲ್ಲ, ಸುಳ್ಳು. ಬರೀ."

"ಕೈ ಬರ್ತಿಲ್ಲ ಅಕ್ಕ."

ನೀರಕ್ಕ ಮಡಿಲಲ್ಲಿದ್ದ ಉದ್ದನೆಯ ಪುಸ್ತಕ ಬಿಡಿಸಿ, ಪಟ್ಟಿ ಅಂಟಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟರು. ಕನ್ನಡಕ ಏರಿಸಿದರು. "ನಾನು ಓದ್ತೀನಿ, ನೀನು ಬರೀ. ಬಾಲ ಸಮೇತ ಬರೀ." ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಹುಡುಗಿ ಒಂದೊಂದೇ ಅಕ್ಷರ ಬರೆದಳು. ಬುಧವಾರ ಬೆಳಿಗ್ಗೆ ಒಂದು, ಬುಧವಾರ ಮಧ್ಯಾಹ್ನ ಒಂದು. ಕೊನೆಗೆ ನೀರಕ್ಕ ತಾವಾಗಿಯೇ "ಐದು ಬಾಟಲಿ ನೀರನ್ನೂ ಬರೀ" ಅಂದರು. ಕೇಳಿಸಿಕೊಳ್ಳುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ಇದಕ್ಕೇ ಇಷ್ಟು ತೆಳುವೋ ಎಂದರು. ಆ ಪುಸ್ತಕದ ಹಾಳೆಗಳನ್ನು ತಿರುವುತ್ತ ಕೇಳಿದರು:

"ಅಮ್ಮ, ನೀವು ಡಾಕ್ಟ್ರಾ?"

"ಇಲ್ಲಮ್ಮ. ನೀರಿನವಳು."

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಗಡಿಯಾರ ಮೂರನೇ ಸಲ ಪಾತ್ರೆ ತಂದಳು. ಬಾಗಿಲಿನ ಬಾವುಟದ ಎರಡನೇ ಪಟ್ಟಿಯ ಬಣ್ಣ. ಉಪಕರಣದ ಅಂಕಿಯೂ ಒಪ್ಪಿತು. ಮಾದರಿಯ ಬಾಟಲಿಗಳಿಗೆ ಮುದ್ರೆ ಬಿತ್ತು. ಹೊರಗೆ ಬಂದಾಗ ಸೀಟಿ ಮೇಷ್ಟ್ರು ಬಿಸಿಲಲ್ಲಿ ಕಾಯುತ್ತ ಕೂತು ನಾಲಿಗೆ ಒಣಗಿಸಿಕೊಂಡಿದ್ದರು. ನೀರಕ್ಕ ಮೊದಲು ಮಾಡಿದ ಕೆಲಸ ಅವರಿಗೆ ನೀರು ಕುಡಿಸಿದ್ದು.

ಮುಂದಿನ ಇಪ್ಪತ್ತನಾಲ್ಕು ದಿನ ನೀರಕ್ಕ ಬಾಟಲಿ ತುಂಬಿದರು, ತೂಕ ಬರೆದರು, ಮೂವತ್ತೊಂದನೇ ಬಾಟಲಿಯನ್ನು ಎರಡು ಸಲ ಮೂಸಿ ನೋಡಿದರು. ಇಪ್ಪತ್ತೈದನೇ ದಿನ ಬೆಳಿಗ್ಗೆ ಮೈದಾನದ ಆ ತುದಿಯಿಂದ ಒಂದು ಸೀಟಿ ಕೇಳಿಸಿತು. ಅಷ್ಟು ಉದ್ದದ ಸೀಟಿಯನ್ನು ಯಾವ ಓಟಕ್ಕೂ ಊದಿದ್ದು ಯಾರಿಗೂ ನೆನಪಿಲ್ಲ. ವರದಿಯಲ್ಲಿ ಏನೂ ಇಲ್ಲ, ಹುಡುಗಿ ಶಿಬಿರಕ್ಕೆ ಹೋಗಬಹುದು. ನೀರಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ಅದೇ ಸೆರಗಿನಿಂದ ಕಣ್ಣು. ಅಂದು ದಾಸವಾಳಕ್ಕೆ ಎರಡರ ಬದಲು ನಾಲ್ಕು ಬಕೆಟ್ ನೀರು ಬಿತ್ತು.

ಗಡಿಯಾರ ಈಗ ಶಿಬಿರದಲ್ಲಿದ್ದಾಳೆ. ಅಲ್ಲಿ ಮೂವರು ವೈದ್ಯರಿದ್ದಾರೆ. ಆದರೂ ನೀರಕ್ಕನ ಫೋನಿಗೆ ವಾರಕ್ಕೊಂದಾದರೂ ಮಾತ್ರೆ ಪಟ್ಟಿಯ ಚಿತ್ರ ಬರುತ್ತದೆ. ಇವತ್ತೂ ಬಂದಿದೆ. ನೀರಕ್ಕ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಓದಿ, ಅವಳಿಗೆ ಫೋನ್ ಮಾಡಿ ಗದರುತ್ತಾರೆ.

"ಇದು ವಿಟಮಿನ್ ಕಣೇ. ಅಲ್ಲಿ ಡಾಕ್ಟ್ರು ಇಲ್ವಾ?"

"ಇದ್ದಾರೆ ಅಕ್ಕ. ಅವರೂ ನೋಡಿದ್ರು. ನೀನೂ ಒಂದ್ಸಲ ನೋಡು."

ಇನ್ನೆರಡು ವರ್ಷಕ್ಕೆ ನೀರಕ್ಕನಿಗೆ ನಿವೃತ್ತಿ. ಏನು ಆಸೆ ಎಂದು ಕೇಳಿದರೆ ಕನ್ನಡಕ ತೆಗೆದು ತೋರಿಸುತ್ತಾರೆ. ಕನ್ನಡಕದ ನಂಬರು ಮತ್ತೆ ಏರಿದೆಯಂತೆ. "ಮಾತ್ರೆ ಮಾಡೋರು ಬಾಲಾನೂ ತಲೆಯಷ್ಟೇ ದೊಡ್ಡದಾಗಿ ಬರೀಲಿ. ನನ್ನ ಹಾಗೆ ಓದೋಕೆ ತಡವಾಗಿ ಕಲಿತೋರು ಇನ್ನೂ ಎಷ್ಟು ಜನ ಇದ್ದಾರೋ. ಅಷ್ಟಾದ್ರೆ ಸಾಕಪ್ಪ."

ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾನೆ. ಈ ಸಲ ಕೈ ಮಾತ್ರ ಅಲ್ಲ, ಪೂರ್ತಿ ನಿಂತ ಚಿತ್ರ ತೆಗೆಯಬೇಕು ಎಂದು ಗಂಡ ಹೊರಗಿನಿಂದಲೇ ಕೂಗಿ ಹೇಳಿದ್ದಾರೆ. ನೀರಕ್ಕ ಸೆರಗು ಸರಿಮಾಡಿಕೊಂಡು ಗೂಡಿನ ಮುಂದೆ ಬಂದು ನಿಲ್ಲುತ್ತಾರೆ. ಮತ್ತೆ ಏನೋ ನೆನಪಾಗಿ ಒಳಗೆ ಹೋಗಿ ಉದ್ದನೆಯ ಪುಸ್ತಕ ತರುತ್ತಾರೆ. ಮೊದಲ ಹಾಳೆ ಬಿಡಿಸಿ, ಆ ಎರಡು ಹಸಿರು ಪಟ್ಟಿಗಳನ್ನು ತಮ್ಮ ಮುಖಕ್ಕಿಂತ ಮುಂದೆ ಹಿಡಿಯುತ್ತಾರೆ.

"ನಾನು ಬಂದ್ರೆ ಬಂದೆ, ಬಿಟ್ರೆ ಬಿಟ್ಟೆ. ಬಾಲ ಕಾಣೋ ಹಾಗೆ ತೆಗಿಯಪ್ಪ."